ಒಂದು ರಾತ್ರಿ, ನಾಲ್ಕು ಆಸ್ಪತ್ರೆ: ರೊಮೇನಿಯಾದ ಸಿನಿಮಾವನ್ನು ಕರಾವಳಿಯಲ್ಲಿ ಕೂತು ನೋಡುವ ಬಗೆ

ಮಾನ್ಯ ಸಂಪಾದಕರೇ,

ನಮ್ಮ ಪತ್ರಿಕೆಗಳ ಸಿನಿಮಾ ಪುಟದಲ್ಲಿ ‘ನಿಧಾನಗತಿ’ ಎಂಬ ಮಾತು ಕಂಡರೆ ಅದು ಹೆಚ್ಚಾಗಿ ದೂರಾಗಿಯೇ ಇರುತ್ತದೆ. ಛಾಯಾಗ್ರಹಣ ಚೆನ್ನಾಗಿದೆ, ನಟನೆ ಚೆನ್ನಾಗಿದೆ, ಆದರೆ ನಿರೂಪಣೆ ನಿಧಾನ ಎಂದು ಬರೆದು ಅಂಕ ಕಡಿಮೆ ಮಾಡುವುದು ರೂಢಿಯಾಗಿದೆ. ನಿಧಾನದಿಂದಲೇ ಕೆಲಸ ಮಾಡುವ ಚಿತ್ರಗಳೂ ಇವೆ. ಅವುಗಳನ್ನು ಚುರುಕು ಮಾಡಿದರೆ ಒಳಗಿನ ವಿಷಯವೇ ಸೋರಿಹೋಗುತ್ತದೆ. ಅಂಥದ್ದೊಂದು ಚಿತ್ರವನ್ನು ಮಂಗಳೂರು, ಉಡುಪಿಯ ಓದುಗರ ಮುಂದಿಡಲು, ಮನೆಯಲ್ಲಾಗಲಿ ಸಣ್ಣ ಸಭಾಂಗಣದಲ್ಲಾಗಲಿ ಅದನ್ನು ಸರಿಯಾಗಿ ನೋಡುವ ಕ್ರಮವನ್ನೂ ತಿಳಿಸಲು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಚಿತ್ರದ ಹೆಸರು ‘ದಿ ಡೆತ್ ಆಫ್ ಮಿಸ್ಟರ್ ಲಜರೆಸ್ಕು’. 2005ರ ರೊಮೇನಿಯನ್ ಚಿತ್ರ, ಅವಧಿ 153 ನಿಮಿಷ. ನಿರ್ದೇಶಕ ಕ್ರಿಸ್ಟಿ ಪುಯು ಇದನ್ನು ರಜ್ವಾನ್ ರದುಲೆಸ್ಕು ಜೊತೆಗೂಡಿ ಬರೆದಿದ್ದಾರೆ. ಅದೇ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್’ ವಿಭಾಗದ ಮೊದಲ ಪ್ರಶಸ್ತಿ ಇದಕ್ಕೆ ಬಂತು. ಬುಕಾರೆಸ್ಟ್ ನಗರದಲ್ಲಿ 1997ರಲ್ಲಿ ನಡೆದ ಒಂದು ಘಟನೆ ಇದರ ಹಿಂದೆ ಇದೆ: ಒಬ್ಬ ರೋಗಿಯನ್ನು ಒಂದಾದ ಮೇಲೊಂದು ಆಸ್ಪತ್ರೆ ಸೇರಿಸಿಕೊಳ್ಳದೆ ಹೋಗಿ, ಕೊನೆಗೆ ಆತ ಬೀದಿಯ ಪಾಲಾದ ಪ್ರಕರಣ. ಚಿತ್ರದಲ್ಲಿ ಬೀದಿಯ ಆ ಕೊನೆ ಇಲ್ಲ. ಅರವತ್ತು ದಾಟಿದ, ಮೂರು ಬೆಕ್ಕುಗಳ ಜೊತೆ ಫ್ಲ್ಯಾಟಿನಲ್ಲಿ ಒಂಟಿಯಾಗಿರುವ ಒಬ್ಬ ಯಜಮಾನರಿಗೆ ಶನಿವಾರ ರಾತ್ರಿ ತಲೆನೋವು, ವಾಂತಿ. ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತಾರೆ. ಅಲ್ಲಿಂದ ಬೆಳಗಿನ ಜಾವದವರೆಗೆ ನಾಲ್ಕು ಆಸ್ಪತ್ರೆ. ಕತೆ ಇಷ್ಟೇ.

ಇಷ್ಟು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಈ ಚಿತ್ರದ ಜೀವ ಇರುವುದು ಒಂದು ರೋಗಲಕ್ಷಣ ಮತ್ತೊಂದರ ಹಿಂದೆ ಅಡಗಿಕೊಳ್ಳುವ ರೀತಿಯಲ್ಲಿ. ಲಜರೆಸ್ಕು ಕುಡಿದಿದ್ದಾರೆ, ಬಾಯಿಂದ ವಾಸನೆ ಬರುತ್ತಿದೆ. ಹಿಂದೆ ಅಲ್ಸರ್ ಆಪರೇಷನ್ ಆಗಿದೆ. ಹಾಗಾಗಿ ತಮ್ಮ ನೋವಿಗೆಲ್ಲ ಆ ಅಲ್ಸರೇ ಕಾರಣ ಎಂದು ಅವರೇ ನಂಬಿದ್ದಾರೆ. ನೆರೆಮನೆಯವರು ಕುಡಿತವೇ ಕಾರಣ ಎನ್ನುತ್ತಾರೆ. ಆಂಬ್ಯುಲೆನ್ಸಿನ ನರ್ಸ್ ಮಿಯೋರಾಗೆ ದೊಡ್ಡ ಕರುಳಿನ ಕ್ಯಾನ್ಸರ್ ಇರಬಹುದೆಂಬ ಅನುಮಾನ. ಕೊನೆಗೆ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವುದು ಮಿದುಳಿನ ಹೊದಿಕೆಯ ಕೆಳಗೆ ಕಟ್ಟಿಕೊಂಡ ರಕ್ತ, ಅಂದರೆ ಸಬ್‌ಡ್ಯೂರಲ್ ಹೆಮಟೋಮಾ. ಜೊತೆಗೆ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಗೆಡ್ಡೆ.

ವೈದ್ಯರಿಗೂ ವೈದ್ಯಕೀಯ ವಿದ್ಯಾರ್ಥಿಗಳಿಗೂ ಕೊರತೆ ಇಲ್ಲದ ನಮ್ಮ ಎರಡು ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಉಳಿದ ಓದುಗರಿಗಾಗಿ: ವಯಸ್ಸಾದಂತೆ, ದೀರ್ಘಕಾಲ ಕುಡಿದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆಯ ಒಳಮೈಗೂ ಮಿದುಳಿಗೂ ನಡುವೆ ಹಾಯುವ ಸಣ್ಣ ರಕ್ತನಾಳಗಳು ಆಗ ಬಿಗಿದು ನಿಲ್ಲುತ್ತವೆ. ಸಣ್ಣ ಏಟಿಗೂ ಅವು ಹರಿಯುತ್ತವೆ. ರಕ್ತ ಸಾವಕಾಶ ಸೇರಿಕೊಂಡು ಮಿದುಳನ್ನು ಒತ್ತುತ್ತದೆ. ಮೊದಲು ತಲೆನೋವು, ವಾಂತಿ. ಆಮೇಲೆ ನಾಲಿಗೆ ತೊದಲು, ಒಂದು ಬದಿಗೆ ನಿಶ್ಶಕ್ತಿ, ಮೂತ್ರದ ಮೇಲೆ ಹಿಡಿತ ತಪ್ಪುವುದು, ಮಾತು ಕಲಸಿಹೋಗುವುದು. ಕುಡಿದ ಮನುಷ್ಯನ ಲಕ್ಷಣಗಳೂ ಹೆಚ್ಚುಕಡಿಮೆ ಇವೇ. ಆದ್ದರಿಂದ ವಾಸನೆ ಮೂಗಿಗೆ ತಾಗಿದ ಕ್ಷಣವೇ ವೈದ್ಯರ ಯೋಚನೆ ಅಡ್ಡದಾರಿ ಹಿಡಿಯುತ್ತದೆ. ಚಿತ್ರದ ಪ್ರತಿ ಕ್ಯಾಶುವಾಲ್ಟಿಯಲ್ಲೂ ಮೊದಲ ಪ್ರಶ್ನೆ ಕುಡಿದಿದ್ದೀಯಾ ಎಂಬುದೇ, ಮೊದಲ ಉಪಚಾರ ಬೈಗುಳವೇ.

ಈಗ ನಿಧಾನದ ವಿಷಯಕ್ಕೆ ಬನ್ನಿ. ಈ ರೋಗ ಏರುವುದೇ ನಿಧಾನವಾಗಿ. ಹತ್ತು ನಿಮಿಷದ ಹಿಂದೆ ಸ್ಪಷ್ಟವಾಗಿ ಮಾತಾಡುತ್ತಿದ್ದ ಮನುಷ್ಯ ಈಗ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದ ಎಂಬುದನ್ನು ಗುರುತಿಸಬೇಕಾದರೆ ನಾವು ಆ ಹತ್ತು ನಿಮಿಷವನ್ನು ಅವನ ಜೊತೆಗೇ ಕಳೆದಿರಬೇಕು. ಚಿತ್ರದ ಹತ್ತಿರಹತ್ತಿರ ಮೂರನೇ ಒಂದು ಭಾಗ ಆ ಫ್ಲ್ಯಾಟಿನಲ್ಲೇ ಕಳೆಯುತ್ತದೆ. ಅಲ್ಲಿ ನಾವು ಕಲಿಯುವುದು ಅವರ ಸಹಜ ಧ್ವನಿಯನ್ನು. ಅವರು ತಂಗಿಯ ಮನೆಗೆ ಫೋನ್ ಮಾಡಿ ಬೈಸಿಕೊಳ್ಳುತ್ತಾರೆ, ಕೆನಡಾದಲ್ಲಿರುವ ಮಗಳ ಮಾತು ಬರುತ್ತದೆ, ಬೆಕ್ಕುಗಳನ್ನು ಮಾತಾಡಿಸುತ್ತಾರೆ. ಮುಂದೆ ಆ ಧ್ವನಿ ಕರಗತೊಡಗಿದಾಗ ಹೊಸದಾಗಿ ಬಂದ ವೈದ್ಯರಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಅವರು ಮೊದಲಿನ ಧ್ವನಿ ಕೇಳಿಲ್ಲ. ಕೇಳಿದವರು ಇಬ್ಬರೇ: ಒಬ್ಬಳು ಮಿಯೋರಾ, ಇನ್ನೊಬ್ಬರು ಪ್ರೇಕ್ಷಕರು. ಮೊದಲ ಭಾಗವನ್ನು ಓಡಿಸಿ ನೋಡಿದವರು ತಾವೇ ಆ ಅವಸರದ ವೈದ್ಯರ ಜಾಗದಲ್ಲಿ ನಿಂತಂತೆ. ಚಿತ್ರ ಮುಂದೆ ಏನು ಮಾಡಿದರೂ ಅಂಥವರನ್ನು ಮುಟ್ಟಲಾರದು.

ಲಜರೆಸ್ಕು ಪಾತ್ರದಲ್ಲಿ ಯೋನ್ ಫಿಸ್ಕುಟ್ಯಾನು ಎಂಬ ರಂಗನಟರಿದ್ದಾರೆ. ಈ ಚಿತ್ರ ಬಂದು ಎರಡೇ ವರ್ಷಕ್ಕೆ, 2007ರಲ್ಲಿ ಅವರು ತೀರಿಕೊಂಡರು. ಅವರ ಅಭಿನಯವನ್ನು ಒಂದು ದೃಶ್ಯ ಎತ್ತಿ ತೋರಿಸಿ ಮೆಚ್ಚಲು ಬರುವುದಿಲ್ಲ. ಇಳಿಯುವ ಮೆಟ್ಟಿಲುಗಳ ಹಾಗೆ ಅದನ್ನು ಕಟ್ಟಿದ್ದಾರೆ. ಮೊದಲು ಜಗಳವಾಡುತ್ತಾರೆ, ಆಮೇಲೆ ಗೊಣಗುತ್ತಾರೆ, ಆಮೇಲೆ ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಾರೆ, ಕೊನೆಯ ಹೊತ್ತಿಗೆ ಕಣ್ಣು ಮಾತ್ರ ಉಳಿದಿರುತ್ತದೆ. ಮಿಯೋರಾ ಪಾತ್ರದ ಲುಮಿನಿತ್ಸಾ ಗಿಯೋರ್ಗಿಯು ಇದಕ್ಕೆ ಸರಿಸಮ. ಆಕೆ ಸಂತಳಲ್ಲ. ಮೊದಮೊದಲು ಆಕೆಗೂ ಈ ಕೇಸು ಬೇಗ ಮುಗಿದರೆ ಸಾಕು. ಮೂರನೆಯ ಆಸ್ಪತ್ರೆಗೆ ಬರುವಷ್ಟರಲ್ಲಿ ಅದೇ ಮುಖದಲ್ಲಿ ಹಟ ಕಾಣತೊಡಗುತ್ತದೆ. ಆ ಬದಲಾವಣೆ ಯಾವ ಕ್ಷಣದಲ್ಲಿ ಆಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಅಷ್ಟು ಸಣ್ಣ ಸಣ್ಣ ತುಣುಕುಗಳಲ್ಲಿ ಆಗಿರುತ್ತದೆ.

ಚಿತ್ರದಲ್ಲಿ ಖಳನಾಯಕ ಇಲ್ಲ ಎಂಬುದನ್ನೂ ಗಮನಿಸಬೇಕು. ಅದೇ ರಾತ್ರಿ ದೊಡ್ಡ ಬಸ್ ಅಪಘಾತವಾಗಿ ಎಲ್ಲ ಆಸ್ಪತ್ರೆಗಳೂ ಗಾಯಾಳುಗಳಿಂದ ತುಂಬಿವೆ. ವೈದ್ಯರು ದಣಿದಿದ್ದಾರೆ. ಒಬ್ಬರು ತಮಾಷೆ ಮಾಡುತ್ತಲೇ ಸ್ಕ್ಯಾನ್ ಬೇಗ ಮಾಡಿಸಿಕೊಡುತ್ತಾರೆ. ಇನ್ನೊಬ್ಬರಿಗೆ ಆ ಹೊತ್ತಿನಲ್ಲಿ ಮೊಬೈಲ್ ಚಾರ್ಜರ್ ಬೇಕಾಗಿದೆ. ಪ್ರತಿಯೊಬ್ಬರೂ ತಮ್ಮ ಭಾಗದ ಸಣ್ಣ ಕೆಲಸ ಮಾಡಿ, ಉಳಿದದ್ದನ್ನು ಮುಂದಿನವರಿಗೆ ದಾಟಿಸುತ್ತಾರೆ. ‘ರೆಫರ್’ ಎಂಬ ಪದ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಬಳಕೆಯಲ್ಲಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಕುಂದಾಪುರ, ಕಾರ್ಕಳ, ಪುತ್ತೂರು, ಸುಳ್ಯದ ಕಡೆಯಿಂದ ಮಂಗಳೂರಿಗೋ ಮಣಿಪಾಲಕ್ಕೋ ರಾತ್ರಿ ಹೊತ್ತು ರೋಗಿಯನ್ನು ತಂದವರಿಗೆ ಆಂಬ್ಯುಲೆನ್ಸಿನ ಒಳಗಿನ ಕಾಲ ಹೇಗೆ ಎಳೆಯುತ್ತದೆ ಎಂಬುದು ಗೊತ್ತು. 2020ರಲ್ಲಿ ಕೋವಿಡ್ ಕಾರಣಕ್ಕೆ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದ್ದಾಗ ಕಾಸರಗೋಡಿನ ರೋಗಿಗಳ ಪಾಡೇನಾಯಿತು ಎಂಬುದನ್ನು ಇಡೀ ಕರಾವಳಿ ನೋಡಿದೆ. ಬುಕಾರೆಸ್ಟಿನ ಈ ಚಿತ್ರ ನಮಗೆ ದೂರದ್ದಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮೂರನೆಯ ಆಸ್ಪತ್ರೆಯ ದೃಶ್ಯವನ್ನು ಬೇರೆಯಾಗಿ ಹೇಳಲೇಬೇಕು. ಆಪರೇಷನ್ ತುರ್ತು ಎಂದು ಸ್ಕ್ಯಾನ್ ಹೇಳುತ್ತಿದೆ. ಆದರೆ ಒಪ್ಪಿಗೆ ಪತ್ರಕ್ಕೆ ರೋಗಿಯ ಸಹಿ ಬೇಕು. ರೋಗಿಗೆ ಆಗಲೇ ಪ್ರಶ್ನೆಯೇ ಅರ್ಥವಾಗುತ್ತಿಲ್ಲ. ಅರ್ಥವಾಗದವನು ಬೇಡ ಅಂದರೂ ಅದು ಬೇಡ ಎಂದೇ ದಾಖಲಾಗುತ್ತದೆ. ನರ್ಸ್ ಮಾತಾಡಿದರೆ, ನಮಗೇ ಪಾಠ ಹೇಳುತ್ತೀಯಾ ಎಂದು ಗದರುತ್ತಾರೆ. ಕೊನೆಗೆ ಆಕೆಗೆ ಸಿಗುವ ಸಲಹೆ: ಸುಮ್ಮನೆ ಊರು ಸುತ್ತಿಸು, ಪ್ರಜ್ಞೆ ತಪ್ಪಿದ ಮೇಲೆ ಕರೆದುಕೊಂಡು ಬಾ, ಆಗ ಸಹಿ ಬೇಕಾಗಿಲ್ಲ. ಇದನ್ನು ಯಾರೂ ಕಿರುಚಿ ಹೇಳುವುದಿಲ್ಲ, ಹಿನ್ನೆಲೆಯಲ್ಲಿ ಪಿಟೀಲು ಏಳುವುದಿಲ್ಲ. ಕ್ಯಾಮೆರಾ ಯಾರ ಮುಖದ ಹತ್ತಿರಕ್ಕೂ ನುಗ್ಗುವುದಿಲ್ಲ. ಕೋಣೆಯಲ್ಲಿ ನಿಂತ ಇನ್ನೊಬ್ಬ ಮನುಷ್ಯನ ಹಾಗೆ, ಮಾತಾಡಿದವರ ಕಡೆಗೆ ತುಸು ತಡವಾಗಿ ತಿರುಗುತ್ತದೆ. ಆ ತಡದಲ್ಲೇ ಸತ್ಯ ಇದೆ, ಏಕೆಂದರೆ ಮುಂದೆ ಯಾರು ಮಾತಾಡುತ್ತಾರೆ ಎಂದು ನಿಜ ಜೀವನದಲ್ಲಿ ನಮಗೂ ಮೊದಲೇ ಗೊತ್ತಿರುವುದಿಲ್ಲ.

ಹೆಸರುಗಳನ್ನೂ ಗಮನಿಸಿ. ರೋಗಿಯ ಪೂರ್ತಿ ಹೆಸರು ದಾಂತೆ ರೆಮುಸ್ ಲಜರೆಸ್ಕು, ಭಾವನ ಹೆಸರು ವರ್ಜಿಲ್, ಕಟ್ಟಕಡೆಗೆ ಕೇಳಿಬರುವ ವೈದ್ಯರ ಹೆಸರು ಆಂಗೆಲ್, ಅಂದರೆ ದೇವದೂತ. ವರ್ಜಿಲನ ಹಿಂದೆ ನರಕ ಸುತ್ತಿದ ಇಟಲಿಯ ಮಹಾಕವಿ ದಾಂತೆಯ ನೆರಳು ಅಲ್ಲಿದೆ, ಸತ್ತು ನಾಲ್ಕು ದಿನವಾದ ಮೇಲೆ ಎದ್ದ ಬೈಬಲ್ಲಿನ ಲಾಜರನ ನೆರಳೂ ಇದೆ. ತಿಳಿಯದೆ ನೋಡಿದರೂ ಚಿತ್ರಕ್ಕೆ ಕೊರತೆ ಆಗುವುದಿಲ್ಲ.

ಇಂಥ ಚಿತ್ರಗಳು ರೊಮೇನಿಯಾದಲ್ಲೇ ಯಾಕೆ ಹುಟ್ಟಿದವು? ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಆಳ್ವಿಕೆ 1989ರ ಡಿಸೆಂಬರಿನಲ್ಲಿ ಬೀಳುವವರೆಗೆ ಅಲ್ಲಿ ನೇರ ಮಾತಿಗೆ ಜಾಗವಿರಲಿಲ್ಲ. ಹೇಳಬೇಕಾದ್ದನ್ನು ರೂಪಕದಲ್ಲಿ ಮುಚ್ಚಿ ಹೇಳಬೇಕಿತ್ತು. ಲುಚಿಯಾನ್ ಪಿಂತಿಲಿಯೆಯಂಥ ಹಿರಿಯ ನಿರ್ದೇಶಕರು 1968ರಷ್ಟು ಹಿಂದೆಯೇ ಬೇರೆ ದಾರಿ ತೋರಿಸಿದ್ದರೂ ಅವರ ಚಿತ್ರವನ್ನು ಅಧಿಕಾರ ಸಹಿಸಲಿಲ್ಲ. ಆ ಮುಚ್ಚುಮರೆಯಿಂದ ಬೇಸತ್ತ ಮುಂದಿನ ತಲೆಮಾರು ಅಲಂಕಾರವನ್ನೇ ಕೈಬಿಟ್ಟಿತು. ಬಾಗಿಲು ಬಾಗಿಲೇ, ಸೂಪು ಸೂಪೇ. ಹಿನ್ನೆಲೆ ಸಂಗೀತ ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ, ಒಂದೆರಡು ದಿನದ ಕತೆ, ಕತ್ತರಿಯ ಬಳಕೆ ಆದಷ್ಟು ಕಡಿಮೆ.

ಕ್ರಿಸ್ಟಿಯಾನ್ ಮುಂಜಿಯು ಅವರ ‘4 ಮಂತ್ಸ್, 3 ವೀಕ್ಸ್ ಅಂಡ್ 2 ಡೇಸ್’ 2007ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದಿತು. ಗರ್ಭಪಾತವನ್ನು 1966ರ 770ನೇ ಆಜ್ಞೆ ನಿಷೇಧಿಸಿದ್ದ ದೇಶದಲ್ಲಿ, 1987ರ ಒಂದು ದಿನ, ಗೆಳತಿಯ ನೆರವಿಗೆ ನಿಂತ ಒಬ್ಬ ವಿದ್ಯಾರ್ಥಿನಿಯ ಕತೆ. ಅದರಲ್ಲಿ ಒಂದು ಊಟದ ಮೇಜಿನ ದೃಶ್ಯ ಇದೆ. ಗೆಳತಿ ಹೋಟೆಲ್ ಕೋಣೆಯಲ್ಲಿ ಒಬ್ಬಳೇ ಬಿದ್ದಿದ್ದಾಳೆ. ಇವಳು ಪ್ರಿಯಕರನ ತಾಯಿಯ ಹುಟ್ಟುಹಬ್ಬದ ಊಟಕ್ಕೆ ಬಂದು, ಹಿರಿಯರ ನಡುವೆ ಸಿಕ್ಕಿಕೊಂಡು ಕೂತಿದ್ದಾಳೆ. ಕ್ಯಾಮೆರಾ ಮೇಜಿನ ಈಚೆ ಬದಿಯಲ್ಲಿ ಅಲುಗದೆ ನಿಂತಿದೆ, ಏಳು ನಿಮಿಷಕ್ಕೂ ಮಿಕ್ಕಿ ಒಂದೇ ಶಾಟ್. ಸುತ್ತ ಎಲ್ಲರೂ ಮಾತಾಡುತ್ತಾರೆ, ನಡುವೆ ಫೋನ್ ರಿಂಗಾಗುತ್ತದೆ. ಆ ಹುಡುಗಿಯ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಇದನ್ನು ಹತ್ತು ತುಂಡು ಮಾಡಿ ಜೋಡಿಸಿದ್ದರೆ ನಮಗೂ ಮೇಜಿನಿಂದ ಎದ್ದು ಹೋಗಲು ಹತ್ತು ಬಾಗಿಲು ಸಿಗುತ್ತಿತ್ತು.

ಇಲ್ಲೊಂದು ತಾಂತ್ರಿಕ ಸಂಗತಿ. 35 ಎಂಎಂ ಫಿಲ್ಮಿನ ದೊಡ್ಡ ಮ್ಯಾಗಜಿನ್‌ನಲ್ಲಿ, ಅಂದರೆ ಕ್ಯಾಮೆರಾಗೆ ಫಿಲ್ಮ್ ಸುರುಳಿ ತುಂಬುವ ಪೆಟ್ಟಿಗೆಯಲ್ಲಿ, ಸಾಮಾನ್ಯವಾಗಿ ಹಿಡಿಸುತ್ತಿದ್ದದ್ದು 1000 ಅಡಿ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದು ಸುಮಾರು 11 ನಿಮಿಷ. ಕೈಯಲ್ಲಿ ಹಿಡಿದು ಓಡಾಡಲು ಅನುಕೂಲವಾದ 400 ಅಡಿಯ ಮ್ಯಾಗಜಿನ್‌ಗೆ ನಾಲ್ಕೂವರೆ ನಿಮಿಷವೂ ಇಲ್ಲ. ಆರನೇ ನಿಮಿಷದಲ್ಲಿ ಒಬ್ಬ ನಟ ತಡವರಿಸಿದರೆ ಮೊದಲಿನಿಂದ ಮತ್ತೆ, ಹೊಸ ರೀಲು ಹಾಕಿ. ಅದೇ ಮುಂಜಿಯು 2022ರ ‘ಆರ್.ಎಂ.ಎನ್.’ ಚಿತ್ರದಲ್ಲಿ ಒಂದು ಊರಸಭೆಯನ್ನು 17 ನಿಮಿಷ ಒಂದೇ ಸ್ಥಿರ ಶಾಟಿನಲ್ಲಿ ತೋರಿಸುತ್ತಾರೆ. ಫಿಲ್ಮ್ ರೀಲಿನ ಮಿತಿ ಇದ್ದ ಕಾಲದಲ್ಲಿ ಅದು ಸುಲಭದ ಮಾತಾಗಿರಲಿಲ್ಲ. ಆ ಊರಿನ ಬೇಕರಿಗೆ ಶ್ರೀಲಂಕಾದಿಂದ ಕೆಲಸಕ್ಕೆ ಬಂದವರನ್ನು ಓಡಿಸಬೇಕೆಂದು ಊರವರು ಸೇರುವ ಸಭೆ ಅದು. ಹೊರ ರಾಜ್ಯದ ಕೆಲಸಗಾರರಿಲ್ಲದೆ ಮಲ್ಪೆಯಲ್ಲೂ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲೂ ಬೋಟು ಹೊರಡುವುದಿಲ್ಲ ಎಂದು ಬಲ್ಲವರು ಆ 17 ನಿಮಿಷವನ್ನು ತಪ್ಪದೆ ನೋಡಬೇಕು.

ನಮ್ಮವರಿಗೆ ಈ ಬಗೆಯ ತಾಳ್ಮೆ ಹೊಸದೇನೂ ಅಲ್ಲ. ಯಕ್ಷಗಾನಕ್ಕೆ ಕಾಲಮಿತಿ ಬೇಕೇ ಬೇಡವೇ ಎಂದು ಇವತ್ತಿಗೂ ಚರ್ಚೆ ಮಾಡುವ ಊರು ನಮ್ಮದು. ಆಟಕ್ಕಿಂತಲೂ ಹತ್ತಿರದ ಹೋಲಿಕೆ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ಕುಳಿತ ಜಾಗದಿಂದ ಯಾರೂ ಏಳುವುದಿಲ್ಲ. ಆದರೆ ಒಂದು ಶಬ್ದದ ಅರ್ಥದ ಮೇಲೆ ಇಬ್ಬರು ಅರ್ಥಧಾರಿಗಳು ಅರ್ಧ ತಾಸು ಹಿಡಿದರೆ ಸಭೆ ಉಸಿರು ಬಿಗಿಹಿಡಿದು ಕೇಳುತ್ತದೆ. ಕೊರ್ನೆಲಿಯು ಪೊರುಂಬೊಯು ಅವರ 2009ರ ‘ಪೊಲೀಸ್, ಅಡ್ಜೆಕ್ಟಿವ್’ ಚಿತ್ರದ ಕೊನೆ ಹೆಚ್ಚುಕಡಿಮೆ ಇದೇ. ಗಾಂಜಾ ಜಾತಿಯ ಹಶೀಶ್ ಸೇದಿದ ಹುಡುಗನೊಬ್ಬನನ್ನು ಹಿಡಿದರೆ ಅವನ ಬಾಳು ಹಾಳಾಗುತ್ತದೆ, ನನ್ನ ಅಂತಃಸಾಕ್ಷಿ ಒಪ್ಪುವುದಿಲ್ಲ ಎಂದು ಒಬ್ಬ ಯುವ ಪೊಲೀಸ್ ಹೇಳುತ್ತಾನೆ. ಮೇಲಧಿಕಾರಿ ಕೂಗಾಡುವುದಿಲ್ಲ, ನಿಘಂಟು ತರಿಸುತ್ತಾನೆ. ಅಂತಃಸಾಕ್ಷಿ ಎಂದರೇನು, ಕಾನೂನು ಎಂದರೇನು, ಓದು ಎನ್ನುತ್ತಾನೆ. ಪದ ಪದವಾಗಿ ಆ ಯುವಕ ಸೋಲುತ್ತಾನೆ. ಅರ್ಥಗಾರಿಕೆ ಕೇಳಿ ಬೆಳೆದ ಕಿವಿಗೆ ಇದು ನಿಧಾನ ಅನ್ನಿಸಲು ಕಾರಣವೇ ಇಲ್ಲ.

ಪುಯು ಅವರ 2016ರ ‘ಸಿಯೆರಾನೆವಾಡ’ ಇನ್ನೂ ಹತ್ತಿರದ್ದು. 173 ನಿಮಿಷ, ಬಹುಪಾಲು ಒಂದೇ ಫ್ಲ್ಯಾಟಿನೊಳಗೆ. ಮನೆಯ ಯಜಮಾನ ತೀರಿ ನಲವತ್ತು ದಿನಕ್ಕೆ ನಡೆಯುವ ಕಾರ್ಯ. ಪಾದ್ರಿ ಬರುವುದು ತಡವಾಗಿದೆ, ಅಡುಗೆ ಆಗಿದೆ, ಯಾರೂ ಊಟಕ್ಕೆ ಕೂರುವ ಹಾಗಿಲ್ಲ. ಸತ್ತವರ ಹೆಸರಲ್ಲಿ ಕಿರಿಯನೊಬ್ಬ ಹೊಸ ಸೂಟು ತೊಡಬೇಕು, ತಂದ ಸೂಟು ದೊಗಲೆ. ಕ್ಯಾಮೆರಾ ನಡುವಿನ ಹಾದಿಯಲ್ಲಿ ನಿಂತು, ತೆರೆದ ಬಾಗಿಲಿನ ಕಡೆಗೆ ತಿರುಗುತ್ತದೆ, ಮುಚ್ಚಿದರೆ ಇನ್ನೊಂದು ಬಾಗಿಲಿನ ಕಡೆಗೆ. ತುಳುನಾಡಿನಲ್ಲಿ ಬೊಜ್ಜದ (ಉತ್ತರಕ್ರಿಯೆಯ) ಮನೆಯಲ್ಲಿ ಕೂತವರಿಗೆ, ಪಿಂಡಕ್ಕೆ ಕಾಗೆ ಬರಲಿ ಎಂದು ಕಾದವರಿಗೆ, ಆ ಕಾಯುವಿಕೆಯಲ್ಲಿ ಯಾವ ಹಳೆಯ ಜಗಳಗಳೆಲ್ಲ ಏಳುತ್ತವೆ ಎಂದು ಗೊತ್ತು. ಆದರೂ ಮೊದಲ ಚಿತ್ರವಾಗಿ ಇದನ್ನು ಹಿಡಿಯಬೇಡಿ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯಲೇ ಮುಕ್ಕಾಲು ಗಂಟೆ ಬೇಕು. ಮೊದಲು ಮುಂಜಿಯು ಅವರ 113 ನಿಮಿಷದ ‘4 ಮಂತ್ಸ್, 3 ವೀಕ್ಸ್ ಅಂಡ್ 2 ಡೇಸ್’, ಆಮೇಲೆ ಲಜರೆಸ್ಕು, ಆಮೇಲೆ ಇದು.

ಇನ್ನು ನೋಡುವ ಕ್ರಮ. ಒಳ್ಳೆಯ ಚಿತ್ರ ಕೆಟ್ಟದಾಗಿ ತೋರಿಸಲ್ಪಟ್ಟು ಸೋಲುವುದೇ ಹೆಚ್ಚು, ಆದ್ದರಿಂದ ಇಲ್ಲಿ ತುಸು ವಿವರವಾಗಿ ಬರೆಯುತ್ತೇನೆ.

ಮನೆಯ ಟಿವಿಯಲ್ಲಿ ಮೊದಲು ಮಾಡಬೇಕಾದದ್ದು ‘ಮೋಷನ್ ಸ್ಮೂತಿಂಗ್’ ಆಫ್ ಮಾಡುವುದು. ಕಂಪನಿಗೊಂದು ಹೆಸರಿನಲ್ಲಿ ಪಿಕ್ಚರ್ ಸೆಟ್ಟಿಂಗ್ಸ್ ಒಳಗೆ ಅದು ಅಡಗಿರುತ್ತದೆ. ಅದು ಆನ್ ಇದ್ದರೆ ಕೈಯಲ್ಲಿ ಹಿಡಿದ ಕ್ಯಾಮೆರಾದ ಸಣ್ಣ ನಡುಕವೆಲ್ಲ ನುಣುಪಾಗಿ, ಆಸ್ಪತ್ರೆ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ. ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ ಅಥವಾ ‘ಮೂವಿ’ಗೆ ತನ್ನಿ. ಟ್ಯೂಬ್‌ಲೈಟಿನ ಕೆಳಗಿನ ಆ ಹಸಿರು ಛಾಯೆ, ಲಜರೆಸ್ಕು ಮುಖ ಬಣ್ಣ ಕಳೆದುಕೊಳ್ಳುವುದು ವಿವಿಡ್‌ನಲ್ಲಿ ಗೊತ್ತೇ ಆಗುವುದಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಅಭ್ಯಾಸವಿದ್ದವರು ಈ ಚಿತ್ರಗಳನ್ನು ನೋಡದಿರುವುದೇ ಒಳ್ಳೆಯದು. ಫೋನು ಪಕ್ಕದ ಕೋಣೆಯಲ್ಲಿರಲಿ. ಸದ್ದಿಗೆ ಸಾಧಾರಣ ಹೆಡ್‌ಫೋನ್ ಸಾಕು, ಟಿವಿಯ ಒಳಗಿನ ಸ್ಪೀಕರ್ ಸಾಲದು. ಲಿಫ್ಟಿನ ಸದ್ದು, ಪಕ್ಕದ ಕೋಣೆಯ ಮಾತು, ಹೊರಗಿನ ನಾಯಿ, ಇವೇ ಈ ಚಿತ್ರಗಳ ಹಿನ್ನೆಲೆ ಸಂಗೀತ.

ಸಣ್ಣ ಸಭಾಂಗಣದಲ್ಲಿ ತೋರಿಸುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಹಾಲ್ ಹಿಡಿಯಲೇಬಾರದು. ಆಷಾಢದ ಮಳೆ ತಗಡಿಗೆ ಹೊಡೆದರೆ ಹೊಡೆದಾಟದ ಸಿನಿಮಾದ ಸದ್ದಾದರೂ ಕೇಳೀತು, ಇದು ಕೇಳದು. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಆಗ ಸೀಲಿಂಗ್ ಫ್ಯಾನ್‌ಗಳನ್ನು ನಿಧಾನ ಮಾಡಿದರೂ ಜನ ಕೂರಬಲ್ಲರು. ಕಿಟಕಿಗೆ ತೆಳು ಪರದೆ ಸಾಲದು, ಕಪ್ಪು ಬಟ್ಟೆ ಎರಡು ಮಡಿಕೆ ಬೇಕು. ಲಜರೆಸ್ಕು ಫ್ಲ್ಯಾಟಿನ ಮಂದ ಬೆಳಕಿನಲ್ಲಿ ಅರ್ಧ ಸಂಗತಿ ನೆರಳಲ್ಲಿದೆ, ಬೀದಿ ದೀಪ ಪರದೆಗೆ ಬಿದ್ದರೆ ಅದಷ್ಟೂ ಬೂದಿ. ಪ್ರೊಜೆಕ್ಟರನ್ನು ಓರೆಯಾಗಿಟ್ಟು ‘ಕೀಸ್ಟೋನ್’ ಸೆಟ್ಟಿಂಗ್‌ನಲ್ಲಿ ಸರಿಪಡಿಸುವ ಬದಲು ಸಾಧ್ಯವಾದಷ್ಟು ಪರದೆಯ ಮಧ್ಯಕ್ಕೆ ನೇರವಾಗಿಡಿ. ಇಲ್ಲದಿದ್ದರೆ ಸಬ್‌ಟೈಟಲ್ಲಿನ ಅಕ್ಷರ ಒಂದು ಬದಿಯಲ್ಲಿ ಮಸುಕಾಗುತ್ತದೆ. ಸಬ್‌ಟೈಟಲ್ ಪರದೆಯ ತಳದಲ್ಲಿರುವುದರಿಂದ ತಳದ ಅಂಚು ಮುಂದಿನ ಸಾಲಿನವರ ತಲೆಗಿಂತ ಮೇಲಿರಬೇಕು. ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಡದೆ, ಎರಡು ಕುರ್ಚಿಯ ಸಂದಿಗೆ ಹಿಂದಿನ ಕುರ್ಚಿ ಬರುವ ಹಾಗೆ ಇಡುವುದು ಸುಲಭ ಉಪಾಯ.

ಮಧ್ಯಂತರ ಬೇಡ. ಕೊಡಲೇಬೇಕಾದರೆ ಗಡಿಯಾರ ನೋಡಿ ಕೊಡಬೇಡಿ. ಸಿ.ಟಿ. ಸ್ಕ್ಯಾನ್ ಮುಗಿದು ಮತ್ತೆ ಆಂಬ್ಯುಲೆನ್ಸ್ ಹತ್ತಿಸುವಲ್ಲಿ ಕೊಡಿ. ಚಾ ಹೊರಗೆ ಇರಲಿ, ಹಾಲಿನೊಳಗೆ ಲೋಟದ ಸದ್ದು ಬೇಡ.

ಡಿಸ್ಕ್ ಒಂದು ಕಡೆಯದು, ಸಬ್‌ಟೈಟಲ್ ಫೈಲ್ ಇನ್ನೊಂದು ಕಡೆಯದು ಆದಾಗ ಆಗುವ ತೊಂದರೆ ಬೇರೆ. ಯುರೋಪಿನ ಡಿವಿಡಿಗಳು ಸೆಕೆಂಡಿಗೆ 25 ಫ್ರೇಮಿನಲ್ಲಿ ಓಡುತ್ತವೆ, ಸಿನಿಮಾದ ಮೂಲ 24. 153 ನಿಮಿಷದ ಚಿತ್ರ 25ರಲ್ಲಿ ಸುಮಾರು 147 ನಿಮಿಷಕ್ಕೆ ಮುಗಿಯುತ್ತದೆ. ಒಂದರ ಅಕ್ಷರವನ್ನು ಇನ್ನೊಂದಕ್ಕೆ ಹಾಕಿದರೆ ಮೊದಲ ನಿಮಿಷದಲ್ಲಿ ವ್ಯತ್ಯಾಸ ಎರಡೂವರೆ ಸೆಕೆಂಡಿನೊಳಗೆ, ಹತ್ತನೇ ನಿಮಿಷದಲ್ಲಿ 24 ಸೆಕೆಂಡ್, ಕೊನೆಯಲ್ಲಿ ಆರು ನಿಮಿಷ. ಪ್ಲೇಯರ್‌ನಲ್ಲಿ ಹಿಂದೆ ಮುಂದೆ ಸರಿಸಿದರೆ ಆ ಕ್ಷಣಕ್ಕೆ ಕೂಡಿಕೊಂಡಂತೆ ಕಂಡು ಮತ್ತೆ ತಪ್ಪುತ್ತದೆ. ಸರಿಸುವುದಲ್ಲ, ವೇಗ ಬದಲಿಸಬೇಕು. ಸಬ್‌ಟೈಟಲ್ ತಿದ್ದುವ ಹಲವು ಉಚಿತ ಸಾಫ್ಟ್‌ವೇರುಗಳಲ್ಲಿ ಫ್ರೇಮ್ ರೇಟ್ ಬದಲಿಸುವ ಸೌಲಭ್ಯ ಇರುತ್ತದೆ. ಪ್ರದರ್ಶನದ ಹಿಂದಿನ ದಿನ ಆರಂಭ, ನಡು, ಕೊನೆ, ಮೂರೂ ಕಡೆ ನೋಡಿ ಖಚಿತ ಮಾಡಿಕೊಳ್ಳಿ. ಆರಂಭ ಮಾತ್ರ ನೋಡಿ ಸರಿ ಇದೆ ಎಂದುಕೊಳ್ಳುವುದೇ ಎಲ್ಲ ಕಡೆ ಆಗುವ ತಪ್ಪು.

ಕನ್ನಡದಲ್ಲೇ ಸಬ್‌ಟೈಟಲ್ ಮಾಡಬೇಕೆಂಬುದು ನನ್ನ ದೊಡ್ಡ ಆಸೆ. ಅದಕ್ಕೆ ಕಾರಣವೂ ಇದೆ. ರೊಮೇನಿಯನ್ ಭಾಷೆಯಲ್ಲಿ ಎದುರಿನವರನ್ನು ಕರೆಯಲು ಮೂರು ಮೆಟ್ಟಿಲಿದೆ: ತು, ದುಮ್ನೆಅತಾ, ದುಮ್ನೆಅವೋಅಸ್ತ್ರಾ. ಇಂಗ್ಲಿಷ್ ಸಬ್‌ಟೈಟಲ್ ಮೂರನ್ನೂ ‘ಯೂ’ ಮಾಡಿಬಿಡುತ್ತದೆ. ನಮ್ಮಲ್ಲಿ ನೀನು, ನೀವು, ತಾವು ಇವೆ. ಹೆಸರಿಗೆ ಅಂಟುವ ‘ರವರು’, ಕ್ರಿಯಾಪದದ ಕೊನೆಯ ಏಕವಚನ, ಬಹುವಚನ ಇವೆ. ಒಬ್ಬ ಕಿರಿಯ ವೈದ್ಯ ತಂದೆಯ ವಯಸ್ಸಿನ ರೋಗಿಯನ್ನು ಹೇಗೆ ಕರೆಯುತ್ತಾನೆ, ಅನುಭವಿ ನರ್ಸಿಗೆ ಯಾವ ಮೆಟ್ಟಿಲು ಸಲ್ಲುತ್ತದೆ ಎಂಬುದರಲ್ಲೇ ಈ ಚಿತ್ರದ ಅರ್ಧ ನೋವಿದೆ. ಇಂಗ್ಲಿಷಿನಲ್ಲಿ ಕಳೆದುಹೋದದ್ದು ಕನ್ನಡದಲ್ಲಿ ಮರಳಿ ಬರಬಲ್ಲದು. ಆದ್ದರಿಂದ ಇಂಗ್ಲಿಷ್ ಸಬ್‌ಟೈಟಲಿನಿಂದ ಅನುವಾದಿಸುವವರು ಕಿವಿಯಲ್ಲಿ ಮೂಲದ ಸಂಬೋಧನೆಯನ್ನು ಗುರುತು ಹಾಕಿಕೊಳ್ಳಬೇಕು. ಭಾಷೆ ಬರದಿದ್ದರೂ ಆ ಮೂರು ಪದಗಳ ಜಾಡು ಹಿಡಿಯಲು ಒಂದು ವಾರದ ಅಭ್ಯಾಸ ಸಾಕು.

ಕನ್ನಡದಲ್ಲಿ ಎದುರಾಗುವ ತೊಡಕುಗಳೂ ಇವೆ. ನಮ್ಮ ವಾಕ್ಯದಲ್ಲಿ ಹೌದು, ಅಲ್ಲ ಎಂಬುದು ಕೊನೆಗೆ ಬರುತ್ತದೆ. ‘ಇವರನ್ನು ಈ ರಾತ್ರಿ ಇಲ್ಲಿ ಸೇರಿಸಿಕೊಳ್ಳಲು’ ಎಂದು ಒಂದು ಪಟ್ಟಿಯಲ್ಲಿ (ಪರದೆಯಲ್ಲಿ ಒಮ್ಮೆಗೆ ಕಾಣುವ ಸಬ್‌ಟೈಟಲ್ಲಿನಲ್ಲಿ) ಹಾಕಿ, ‘ಆಗುವುದಿಲ್ಲ’ ಎಂಬುದನ್ನು ಮುಂದಿನ ಪಟ್ಟಿಗೆ ಬಿಟ್ಟರೆ, ಮಿಯೋರಾ ಮುಖ ಬಾಡಿದ ಮೇಲೆ ಪ್ರೇಕ್ಷಕನಿಗೆ ಕಾರಣ ತಿಳಿಯುತ್ತದೆ. ಒಂದು ಪಟ್ಟಿಯಲ್ಲಿ ಒಂದು ಪೂರ್ತಿ ಸಣ್ಣ ವಾಕ್ಯ ಇರಲಿ: ‘ಇಲ್ಲಿ ಆಗುವುದಿಲ್ಲ. ಜಾಗ ಇಲ್ಲ.’ ಎರಡು ಸಾಲಿಗಿಂತ ಹೆಚ್ಚು ಬೇಡ. ಒತ್ತಕ್ಷರ ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕನ್ನಡ ಅಕ್ಷರ ಕೆಡದಂತೆ ಫೈಲನ್ನು ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲೇ ಉಳಿಸಿ. ಹಳೆಯ ಮೀಡಿಯಾ ಪ್ಲೇಯರ್‌ಗಳು ಒತ್ತಕ್ಷರವನ್ನು ಬಿಡಿಸಿ ಅರ್ಧಾಕ್ಷರಗಳಾಗಿ ತೋರಿಸುತ್ತವೆ. ಆಗ ಅಕ್ಷರವನ್ನು ವಿಡಿಯೊ ಮೇಲೆಯೇ ಅಚ್ಚೊತ್ತಿದ ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ. ಸಾರ್ವಜನಿಕವಾಗಿ ತೋರಿಸಲು ವಿತರಕರ ಲಿಖಿತ ಅನುಮತಿ ಬೇಕು ಎಂಬುದನ್ನು ಪ್ರತ್ಯೇಕ ಹೇಳಬೇಕಾಗಿಲ್ಲ.

‘ಆರ್.ಎಂ.ಎನ್.’ ಚಿತ್ರದಲ್ಲಿ ರೊಮೇನಿಯನ್ ಮಾತಿಗೆ ಒಂದು ಬಣ್ಣದ ಸಬ್‌ಟೈಟಲ್, ಹಂಗೇರಿಯನ್ ಮಾತಿಗೆ ಇನ್ನೊಂದು, ಉಳಿದ ಭಾಷೆಗಳಿಗೆ ಮತ್ತೊಂದು. ಯಾರು ಯಾವ ಭಾಷೆಗೆ ಜಾರಿದರು ಎಂಬುದು ಕಣ್ಣಿಗೇ ಕಾಣುತ್ತದೆ. ಅಂಗಡಿಯಲ್ಲಿ ತುಳು, ಮನೆಯಲ್ಲಿ ಕೊಂಕಣಿಯೋ ಬ್ಯಾರಿಯೋ, ಕಚೇರಿಯಲ್ಲಿ ಕನ್ನಡ ಆಡುವ ಮಂಗಳೂರಿನಲ್ಲಿ ಚಿತ್ರ ಮಾಡುವವರು ಈ ಪದ್ಧತಿಯನ್ನು ಕೂಡಲೇ ಎತ್ತಿಕೊಳ್ಳಬಹುದು.

ನಮ್ಮ ಕಿರುಚಿತ್ರ ಮಾಡುವ ಯುವಕ ಯುವತಿಯರಿಗೂ ಒಂದು ಮಾತು. ಕ್ಯಾಮೆರಾವನ್ನು ಹತ್ತು ನಿಮಿಷ ಆಫ್ ಮಾಡದಿದ್ದರೆ ವಾಸ್ತವ ಬಂದುಬಿಡುವುದಿಲ್ಲ. ಉದ್ದ ಶಾಟ್ ಕೆಡುವುದು ಅದರಲ್ಲಿ ಒಂದೇ ಸಂಗತಿ ಇದ್ದಾಗ. ಲಜರೆಸ್ಕು ಮನೆಯಲ್ಲಿ ನೆರೆಯ ಹೆಂಗಸು ಮುಸಾಕಾ ಎಂಬ ಅಡುಗೆ ತಂದುಕೊಡುವ ಮಾತಾಡುತ್ತಾಳೆ, ಗಂಡ ಮಾತ್ರೆ ಹುಡುಕುತ್ತಾನೆ, ಬೆಕ್ಕು ಕಾಲಿಗೆ ಸಿಗುತ್ತದೆ, ಆಂಬ್ಯುಲೆನ್ಸ್ ಇನ್ನೂ ಬಂದಿಲ್ಲ, ಈ ನಡುವೆ ಲಜರೆಸ್ಕು ಮತ್ತೆ ವಾಂತಿಗೆ ಓಡುತ್ತಾರೆ. ಒಂದೇ ಕಾಲಕ್ಕೆ ಇಷ್ಟು ನಡೆಯುತ್ತಿದೆ, ಆದ್ದರಿಂದ ಕತ್ತರಿ ಬೇಡವಾಗಿದೆ. ಇನ್ನೊಂದು ತಪ್ಪು, ತನ್ನ ಸಾಲು ಬರುವವರೆಗೆ ಕಾಯುತ್ತಾ ನಿಲ್ಲುವ ನಟ. ಪ್ರತಿಯೊಬ್ಬರ ಕೈಗೂ ಮಾತಿಗೆ ಸಂಬಂಧವಿಲ್ಲದ ಒಂದು ಕೆಲಸ ಕೊಡಿ: ತರಕಾರಿ ಹೆಚ್ಚುವುದೋ, ಬೀಗದ ಕೈ ಹುಡುಕುವುದೋ. ಮಾತು ಒಂದರ ಮೇಲೊಂದು ಬೀಳಲಿ, ಆದರೆ ಕಥೆಗೆ ಬೇಕಾದ ಒಂದು ಸಾಲು ಮಾತ್ರ ಖಾಲಿ ಜಾಗದಲ್ಲಿ ಬೀಳುವ ಹಾಗೆ ತಾಲೀಮು ಮಾಡಿ. ದೀಪವನ್ನು ಕೋಣೆಯಲ್ಲಿ ನಿಜಕ್ಕೂ ಇರುವ ಬಲ್ಬಿನ ಜಾಗದಿಂದಲೇ ತನ್ನಿ, ಇಲ್ಲದಿದ್ದರೆ ಕ್ಯಾಮೆರಾ ತಿರುಗಿದಾಗ ಸ್ಟ್ಯಾಂಡ್ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಶಾಟಿನ ಕೊನೆಯಲ್ಲಿ ಪ್ರೇಕ್ಷಕನಿಗೆ ಆರಂಭದಲ್ಲಿ ಗೊತ್ತಿಲ್ಲದ ಯಾವುದೋ ಒಂದು ಗೊತ್ತಾಗಿರಬೇಕು. ಗೊತ್ತಾಗದಿದ್ದರೆ ಅದು ಬರೀ ಉದ್ದ. ಅಂಥ ಚಿತ್ರವನ್ನು ಬೇಸರದ್ದೆಂದು ವಿಮರ್ಶಕರು ಬರೆದರೆ ನಾನೂ ಸಹಿ ಹಾಕುತ್ತೇನೆ.

ಪತ್ರಿಕೆಯಲ್ಲಿ ಒಂದು ಕೋರಿಕೆ. ವಿದೇಶೀ ಚಿತ್ರದ ಕುರಿತು ಬರೆಸುವಾಗ ಅವಧಿ ಎಷ್ಟು, ಯಾವ ಭಾಷೆಯ ಸಬ್‌ಟೈಟಲ್ ಸಿಗುತ್ತದೆ, ಎಷ್ಟು ಪಾತ್ರಗಳನ್ನು ನೆನಪಿಡಬೇಕು, ಮಕ್ಕಳೊಂದಿಗೆ ನೋಡಬಹುದೇ ಎಂಬ ನಾಲ್ಕು ಸಾಲು ಪೆಟ್ಟಿಗೆಯಲ್ಲಿ ಕೊಡಿ. ಚಿತ್ರ ನಿಧಾನವಾಗಿದ್ದರೆ ಆ ನಿಧಾನ ಯಾವ ಕೆಲಸ ಮಾಡುತ್ತಿದೆ ಎಂದು ಒಂದು ವಾಕ್ಯ ಬರೆಯಲು ಲೇಖಕರಿಗೆ ಸೂಚಿಸಿ. ಲಜರೆಸ್ಕು ಕುರಿತಾದರೆ ಶೀರ್ಷಿಕೆಯಲ್ಲೇ ಸಾವು ಇದೆ, ಆದರೆ ಚಿತ್ರದಲ್ಲಿ ಅದನ್ನು ತೋರಿಸುವುದಿಲ್ಲ ಎಂದೂ ತಿಳಿಸಿ. ನಾಲ್ಕನೆಯ ಆಸ್ಪತ್ರೆಯಲ್ಲಿ ಇಬ್ಬರು ಹೆಂಗಸರು ಅವರ ಮೈ ತೊಳೆದು, ತಲೆ ಬೋಳಿಸಿ, ಆಪರೇಷನ್ನಿಗೆ ಸಿದ್ಧ ಮಾಡುತ್ತಾರೆ. ಇಡೀ ರಾತ್ರಿ ಅವರನ್ನು ಯಾರಾದರೂ ಮೆಲ್ಲನೆ ಮುಟ್ಟಿದ್ದರೆ ಅದು ಅಲ್ಲಿ. ಆ ಹೊತ್ತಿಗೆ ಮಿಯೋರಾ ಹೊರಟುಹೋಗಿರುತ್ತಾಳೆ, ಅದನ್ನು ನೋಡಲು ನಾವು ಮಾತ್ರ ಉಳಿದಿರುತ್ತೇವೆ.

ಇಂತಿ,
ಓರ್ವ ಓದುಗ,
ಕದ್ರಿ, ಮಂಗಳೂರು